ಮಂಡೆಲ್ಲೊ ಊರಿನ ಗಾಡಿ

ನಮ್ಮ ಮನೆಯ ಹಿಂದಿನ ಪತ್ರಾಸಿನ ಶೆಡ್ಡಿನಲ್ಲಿ ಮಾಮಾನ ಚೇತಕ್ ಸ್ಕೂಟರ್ ನಿಂತು ಹನ್ನೊಂದು ವರ್ಷವಾಯಿತು. ಮಾಮಾ ತೀರಿಕೊಂಡ ಮೇಲೆ ಅದಕ್ಕೆ ಯಾರೂ ಕಿಕ್ ಹೊಡೆದಿಲ್ಲ. ಹೋದ ದೀಪಾವಳಿಗೆ ಭಂಗಾರದವನು ಬಾಗಿಲಿಗೆ ಬಂದು, "ಕಾಕಾ, ಕಿಲೋ ಲೆಕ್ಕದಾಗ ತಗೋತೀನಿ, ಕೊಟ್ಟುಬಿಡ್ರಿ" ಅಂದ. ಮರಾಠಿಯಲ್ಲಿ ಭಂಗಾರವೆಂದರೆ ಮೋಡಕಾ ಸಾಮಾನು, ಕನ್ನಡದಲ್ಲಿ ಬಂಗಾರವೆಂದರೆ ಚಿನ್ನ. ಅಕ್ಕಲಕೋಟ ಸೀಮೆಯ ನಮಗೆ ಇದು ಹಳೆಯ ಚೇಷ್ಟೆಯ ಮಾತು. ಆ ದಿನ ಮಾತ್ರ ನನಗೆ ನಗು ಬರಲಿಲ್ಲ. "ನಾಳೆ ಬಾರಪ್ಪ" ಅಂತ ಅವನನ್ನು ಕಳಿಸಿ, ರಾತ್ರಿಯೆಲ್ಲ ಅದನ್ನೇ ವಿಚಾರ ಮಾಡುತ್ತ ಕುಳಿತೆ.

ನಾನು ಐ.ಟಿ.ಐ.ಯಲ್ಲಿ ಮೋಟಾರ್ ಮೆಕ್ಯಾನಿಕ್ ವಿಷಯ ಕಲಿಸಿ ನಿವೃತ್ತನಾದವ. ವಾಚನಾಲಯದವರು ಈ ಸಲದ ಸಂಗ್ರಹಕ್ಕೆ ಇತಿಹಾಸದ ಮೇಲೆ ಏನಾದರೂ ಬರೆದುಕೊಡಿರಿ ಅಂದಾಗ ನನಗೆ ರಾಜರು, ಕೋಟೆಗಳು ನೆನಪಾಗಲಿಲ್ಲ. ಒಂದು ಇಂಜಿನ್ನಿನ ಇತಿಹಾಸ ಬರೆಯಬೇಕೆನಿಸಿತು. ಅದು ಇಟಲಿಯ ಒಂದು ಸಣ್ಣ ಊರಿನ ಕಥೆ. "ಮಾಸ್ತರ, ಇಟಲಿ ಉಸಾಬರಿ ನಮಗ್ಯಾಕ್ರಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ.

ಚೇತಕ್ ಅನ್ನುವುದು ರಾಣಾ ಪ್ರತಾಪನ ಕುದುರೆಯ ಹೆಸರು. ಆದರೆ ಸ್ಕೂಟರಿನ ವಂಶ ಇಟಲಿಯದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಪಿಯಾಜಿಯೊ ಎಂಬ ಕಂಪನಿ ವೆಸ್ಪಾ ಎಂಬ ಸ್ಕೂಟರ್ ತಂದಿತು. ಅದರ ನಕ್ಷೆ ಬರೆದ ಕೊರಾದಿನೊ ದಾಸ್ಕಾನಿಯೊ ಮೂಲದಲ್ಲಿ ಹೆಲಿಕಾಪ್ಟರ್ ಕಟ್ಟಿದ ಇಂಜಿನಿಯರ್. ಬಜಾಜ್ ಕಂಪನಿ 1960ರ ದಶಕದಲ್ಲಿ ಪಿಯಾಜಿಯೊದ ಪರವಾನಗಿಯ ಮೇಲೆ ಪುಣೆಯ ಹತ್ತಿರ ಆಕುರ್ಡಿಯಲ್ಲಿ ವೆಸ್ಪಾ ಕಟ್ಟಿತು. 1971ರಲ್ಲಿ ಆ ಕರಾರು ಮುಗಿಯಿತು. ಮರುವರ್ಷ ಅದೇ ಅಚ್ಚಿನ ಮೇಲೆ ಬಂದದ್ದು ಚೇತಕ್. ನಮ್ಮ ಹಳ್ಳಿಗಳಿಂದ ಸಂತೆಗೆ ಮಂದಿಯನ್ನೂ ಉಳ್ಳಾಗಡ್ಡಿ ಚೀಲವನ್ನೂ ಒಟ್ಟಿಗೇ ಹೊರುವ ಆಪೆ ಗಾಡಿ ಪಿಯಾಜಿಯೊದ್ದೇ, ಬಾರಾಮತಿಯಲ್ಲಿ ತಯಾರಾಗುವಂಥದ್ದು. ಇಟಲಿಯ ಮಾತಿನಲ್ಲಿ ಆಪೆ ಅಂದರೆ ಜೇನುನೊಣ, ವೆಸ್ಪಾ ಅಂದರೆ ಕಣಜದ ಹುಳ. ಹಿಂಗಾಗಿ ಇಟಲಿಯ ಇಂಜಿನ್ ನಮಗೆ ದೂರದ ನೆಂಟನೇನಲ್ಲ.

ಇದೇ ಪಿಯಾಜಿಯೊ 2004ರಲ್ಲಿ ಇನ್ನೊಂದು ಹಳೆಯ ಕಂಪನಿಯನ್ನು ತನ್ನ ಕೈಗೆ ತೆಗೆದುಕೊಂಡಿತು. ಅದರ ಹೆಸರು ಮೋಟೊ ಗುತ್ಸಿ. ನಮ್ಮಲ್ಲಿ ಗುಜ್ಜಿ, ಗುಝಿ ಅಂತ ಬರೆಯುತ್ತಾರೆ. ಇಟಲಿಯವರು ಗುತ್ಸಿ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಹಳೆಯ ಇಟಲಿ ಮೋಟರ್‌ಸೈಕಲ್ ಸಾಕುವವರ ನಡುವೆ ಈ ಗಾಡಿಯ ಮಾತು ಬೇರೆಯೇ.

ಇಟಲಿಯ ಉತ್ತರಕ್ಕೆ ಆಲ್ಪ್ಸ್ ಪರ್ವತದ ಬುಡದಲ್ಲಿ ಕೋಮೊ ಎಂಬ ಉದ್ದನೆಯ ಸರೋವರವಿದೆ. ಅದರ ಪೂರ್ವ ದಂಡೆಯ ಮೇಲೆ ಮಂಡೆಲ್ಲೊ ದೆಲ್ ಲಾರಿಯೊ ಎಂಬ ಊರು. ಮುಂದೆ ನೀರು, ಹಿಂದೆ ಕಲ್ಲಿನ ಗುಡ್ಡ, ನಡುವೆ ಇದ್ದಷ್ಟು ಜಾಗದಲ್ಲಿ ಮನೆಗಳು. ಮಿಲಾನಿನಲ್ಲಿ 1889ರಲ್ಲಿ ಹುಟ್ಟಿದ ಕಾರ್ಲೊ ಗುತ್ಸಿ ಬೆಳೆದು ಕೆಲಸ ಕಲಿತದ್ದು ಈ ಊರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಅವನು ನೌಕಾದಳದ ವಿಮಾನಗಳ ಮೆಕ್ಯಾನಿಕ್ ಆಗಿದ್ದ. ಅಲ್ಲಿ ಅವನಿಗೆ ಇಬ್ಬರು ಪೈಲಟ್‌ಗಳ ಗೆಳೆತನವಾಯಿತು. ಒಬ್ಬ ಜೊವಾನ್ನಿ ರವೆಲ್ಲಿ, ಮೋಟರ್‌ಸೈಕಲ್ ರೇಸಿನಲ್ಲಿ ಆಗಲೇ ಹೆಸರು ಮಾಡಿದವ. ಇನ್ನೊಬ್ಬ ಜೊರ್ಜೊ ಪರೋದಿ, ಜಿನೋವಾ ಬಂದರಿನ ಹಡಗು ಸಾಹುಕಾರನ ಮಗ. ಯುದ್ಧ ಮುಗಿದ ಮೇಲೆ ಮೂವರೂ ಸೇರಿ ಮೋಟರ್‌ಸೈಕಲ್ ಮಾಡೋಣ ಅಂತ ಮಾತಾಡಿಕೊಂಡರು. ಗುತ್ಸಿ ಕಟ್ಟಬೇಕು, ರವೆಲ್ಲಿ ರೇಸಿನಲ್ಲಿ ಓಡಿಸಬೇಕು, ಪರೋದಿ ರೊಕ್ಕ ತರಬೇಕು.

1919ರ ಜನವರಿಯಲ್ಲಿ ಪರೋದಿಯ ತಂದೆ ಎಮಾನುವೆಲೆ ಪರೋದಿ ಮಗನಿಗೆ ಒಂದು ಪತ್ರ ಬರೆದ. ನಿಮ್ಮ ಪ್ರಯೋಗಕ್ಕೆ 1500ರಿಂದ 2000 ಲಿರಾ ಕೊಡುತ್ತೇನೆ, ಅದರ ಮೇಲೆ ಒಂದು ಪೈಸೆಯೂ ಇಲ್ಲ, ಮುಂದಿನ ರೊಕ್ಕ ಹಾಕುವ ಮೊದಲು ನಕ್ಷೆಯನ್ನು ನಾನೇ ನೋಡಬೇಕು ಎಂಬುದು ಆ ಪತ್ರದ ತಾತ್ಪರ್ಯ. ಸಾಹುಕಾರನಾದರೂ ಲೆಕ್ಕದ ಮನುಷ್ಯ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ರವೆಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಉಳಿದ ಇಬ್ಬರು ಅವನ ನೆನಪಿಗೆ ವಿಮಾನದಳದ ಗರುಡ ಪಕ್ಷಿಯನ್ನು ತಮ್ಮ ಗಾಡಿಯ ಗುರುತು ಮಾಡಿಕೊಂಡರು. ಇಂದಿಗೂ ಗುತ್ಸಿ ಗಾಡಿಯ ಟ್ಯಾಂಕಿನ ಮೇಲೆ ರೆಕ್ಕೆ ಬಿಚ್ಚಿ ನಿಂತಿರುವ ಪಕ್ಷಿ ಅದೇ.

ಅವರ ಮೊದಲ ಗಾಡಿಯ ಮೇಲೆ ಗುತ್ಸಿ-ಪರೋದಿ ಹೆಸರಿನ ಜಿ.ಪಿ. ಎಂಬ ಅಕ್ಷರಗಳಿದ್ದವು. ಜೊರ್ಜೊ ಪರೋದಿ ಎಂಬ ಒಬ್ಬನ ಹೆಸರಿಗೂ ಅವೇ ಅಕ್ಷರ. ಮಂದಿ ತಪ್ಪು ತಿಳಿದಾರು ಅಂತ, ಗಾಡಿಗೆ ಕಟ್ಟಿದವನ ಹೆಸರೇ ಇರಲಿ ಎಂದು ತೀರ್ಮಾನವಾಯಿತು. ರೊಕ್ಕ ಹಾಕಿದವನ ಹೆಸರು ಹಿಂದೆ ಸರಿದು ಮಿಸ್ತ್ರಿಯ ಹೆಸರು ಮುಂದೆ ಬಂದದ್ದು ದೊಡ್ಡ ಮಾತು ನೋಡ್ರಿ. 1921ರ ಮಾರ್ಚ್ 15ರಂದು ಜಿನೋವಾದಲ್ಲಿ ಕಂಪನಿ ನೋಂದಣಿಯಾಯಿತು. ಕಾರ್ಖಾನೆ ಮಂಡೆಲ್ಲೊದಲ್ಲಿ. ಮೊದಲ ವರ್ಷ ಹೊರಬಿದ್ದ ಗಾಡಿಗಳು 17.

ಆ ಮೊದಲ ಮಾಲಿಗೆ ನೊರ್ಮಾಲೆ, ಅಂದರೆ ಸಾಧಾರಣ, ಎಂದೇ ಹೆಸರು. 8 ಅಶ್ವಶಕ್ತಿ, ಸುಮಾರು 500 ಸಿಸಿ, ಒಂದೇ ಸಿಲಿಂಡರ್. ಆದರೆ ಆ ಸಿಲಿಂಡರ್ ನಿಂತಿರಲಿಲ್ಲ, ಮಲಗಿತ್ತು, ತಲೆ ಮುಂದಿನ ಗಾಲಿಯ ಕಡೆಗೆ. ಇದರಿಂದ ಎರಡು ಲಾಭ. ಬಿಸಿಯಾಗುವ ತಲೆಗೆ ಎದುರುಗಾಳಿ ನೇರ ಬಡಿಯುತ್ತದೆ. ಇಂಜಿನ್ನಿನ ಭಾರ ನೆಲಕ್ಕೆ ಹತ್ತಿರವಿರುವುದರಿಂದ ಗಾಡಿ ತಿರುವಿನಲ್ಲಿ ಹಗುರಾಗಿ ಬಾಗುತ್ತದೆ. ಮತ್ತೊಂದು ಜಾಣತನ ಅಳತೆಯಲ್ಲಿತ್ತು. ಆ ಕಾಲದಲ್ಲಿ ಹೆಚ್ಚಿನವರು ಸಪೂರ ಸಿಲಿಂಡರ್, ಉದ್ದ ಓಟದ ಪಿಸ್ಟನ್ ಮಾಡುತ್ತಿದ್ದರು. ಗುತ್ಸಿ ಸಿಲಿಂಡರಿನ ಅಗಲ 88 ಮಿ.ಮೀ., ಪಿಸ್ಟನ್ನಿನ ಓಟ 82 ಮಿ.ಮೀ. ಇಟ್ಟ. ಓಟ ಗಿಡ್ಡವಾದರೆ ಪಿಸ್ಟನ್ ಒಂದು ಸುತ್ತಿನಲ್ಲಿ ತಿಕ್ಕುವ ದೂರ ಕಡಿಮೆ, ಸವೆತವೂ ಕಡಿಮೆ. ಇಂಜಿನ್ನಿನ ಎಡಕ್ಕೆ, ಹೊರಗಡೆಯೇ, ದೊಡ್ಡ ಫ್ಲೈವ್ಹೀಲ್ ತಿರುಗುತ್ತಿತ್ತು. ಮಾಂಸ ಕೊಯ್ಯುವ ಅಂಗಡಿ ಯಂತ್ರದ ಗಾಲಿಯಂತೆ ಕಾಣುವುದರಿಂದ ಮಂದಿ ಅದಕ್ಕೆ ಅದೇ ಅಡ್ಡಹೆಸರು ಇಟ್ಟರು. ಆ ಭಾರದ ಗಾಲಿಯ ದೆಸೆಯಿಂದ ಗಾಡಿ ನಿಧಾನದಲ್ಲೂ ಎಳೆಯುತ್ತಿತ್ತು. ಬಡಿತವನ್ನು ಒಂದೊಂದಾಗಿ ಎಣಿಸಬಹುದು.

88 ಮತ್ತು 82 ಎಂಬ ಈ ಎರಡು ಅಂಕಿಗಳನ್ನು ನೆನಪಿಡಿರಿ. ಇದೇ ಮಲಗಿದ ಸಿಲಿಂಡರ್, ಇದೇ ಅಳತೆ, 1976ರ ವರೆಗೆ ನಡೆಯಿತು. ಐವತ್ತೈದು ವರ್ಷ! ನೊರ್ಮಾಲೆಯಿಂದ 1950ರ ಫಾಲ್ಕೊನೆಗೆ ಬರುವಷ್ಟರಲ್ಲಿ ಶಕ್ತಿ 8ರಿಂದ 23 ಅಶ್ವಶಕ್ತಿಗೆ ಏರಿತ್ತು. ವಾಲ್ವ್, ಗೇರ್, ಫ್ರೇಮ್ ಎಲ್ಲ ಬದಲಾಗಿದ್ದವು. ಮೂಲದ ಅಳತೆ ಮಾತ್ರ ಅಲ್ಲೇ ಇತ್ತು.

ನಡುವೆ ದೊಡ್ಡ ಸಾಹಸಗಳೂ ಆದವು. ಆಗಿನ ಹೆಚ್ಚಿನ ಮೋಟರ್‌ಸೈಕಲ್‌ಗಳಿಗೆ ಹಿಂದಿನ ಗಾಲಿಗೆ ಸ್ಪ್ರಿಂಗ್ ಇರುತ್ತಿರಲಿಲ್ಲ. ಸ್ಪ್ರಿಂಗ್ ಹಾಕಿದರೆ ಗಾಡಿ ಓಲಾಡುತ್ತದೆ ಅನ್ನುವ ಅಂಜಿಕೆ. ಕಾರ್ಲೊನ ಒಡಹುಟ್ಟಿದ ಜುಸೆಪ್ಪೆ ಗುತ್ಸಿ 1928ರಲ್ಲಿ ಹಿಂದೆ ಸ್ಪ್ರಿಂಗ್ ಇರುವ ಗಾಡಿ ಹತ್ತಿ ನಾರ್ವೆ ದೇಶದ ತುದಿಗೆ, ಉತ್ತರ ಧ್ರುವ ವೃತ್ತವನ್ನೂ ದಾಟಿ ಹೋಗಿಬಂದ. ವಾದ ಮಾಡುತ್ತ ಕೂರಲಿಲ್ಲ, ಓಡಿಸಿ ತೋರಿಸಿದ. ಆ ಮಾಲಿಗೆ ನೊರ್ಜೆ, ಅಂದರೆ ನಾರ್ವೆ, ಎಂದೇ ಹೆಸರು ಬಿತ್ತು. 1935ರಲ್ಲಿ ಬ್ರಿಟಿಷರ ದೊಡ್ಡ ರೇಸಾದ ಐಲ್ ಆಫ್ ಮ್ಯಾನ್ ಟಿ.ಟಿ.ಯಲ್ಲಿ ಐರ್ಲೆಂಡಿನ ಸ್ಟಾನ್ಲಿ ವುಡ್ಸ್ ಗುತ್ಸಿಯ ಮೇಲೆ ಎರಡು ವರ್ಗಗಳನ್ನು ಗೆದ್ದ. ದೊಡ್ಡ ವರ್ಗದಲ್ಲಿ ಅವನ ಗೆಲುವಿನ ಅಂತರ 4 ಸೆಕೆಂಡು. ಅವನು ಪೆಟ್ರೋಲಿಗೆ ನಿಲ್ಲುತ್ತಾನೆಂದು ಎದುರಾಳಿಗಳು ಕಾದರು. ಅವನು ದೊಡ್ಡ ಟ್ಯಾಂಕ್ ಹಾಕಿಸಿಕೊಂಡಿದ್ದ, ನಿಲ್ಲಲೇ ಇಲ್ಲ.

ಕಾರ್ಖಾನೆಯಿಂದ ಊರೂ ಬೆಳೆಯಿತು. ಸರೋವರದ ದಂಡೆಯಲ್ಲಿ ಕಾರ್ಖಾನೆಯ ಹೆಸರಿನದೇ ದೋಣಿ ಹುಟ್ಟುಹಾಕುವವರ ಸಂಘವಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಾಲ್ವರು ಕೂಡಿ ಹುಟ್ಟುಹಾಕುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು ಆ ಸಂಘದ ಹುಡುಗರು.

ಈಗ ಕಥೆಯ ಮುಖ್ಯ ಭಾಗಕ್ಕೆ ಬರುತ್ತೇನೆ. 1955ರಲ್ಲಿ ಮಂಡೆಲ್ಲೊದಲ್ಲಿ ಒಂದು ಅದ್ಭುತ ಗಾಡಿ ಹುಟ್ಟಿತು. ಜೂಲಿಯೊ ಚೆಸಾರೆ ಕಾರ್ಕಾನೊ ಎಂಬ ಇಂಜಿನಿಯರನ ಕೈಯಲ್ಲಿ ಮೂಡಿದ ಅದರಲ್ಲಿ ಎಂಟು ಸಿಲಿಂಡರ್, ಎಂಟು ಕಾರ್ಬೊರೇಟರ್. ಅಷ್ಟೆಲ್ಲ ಸೇರಿ ಆದದ್ದು ಬರೀ 500 ಸಿಸಿ. ಒಂದೊಂದು ಸಿಲಿಂಡರ್ ನಮ್ಮ ಹಳೆಯ ಲೂನಾ ಇಂಜಿನ್ನಿಗಿಂತ ತುಸು ದೊಡ್ಡದು ಅಂತ ತಿಳಿಯಿರಿ. ವೇಗ ಗಂಟೆಗೆ ಸುಮಾರು 275 ಕಿ.ಮೀ. ಆ ವೇಗಕ್ಕೆ ಆಗಿನ ಟಯರು, ಬ್ರೇಕು ಯಾವುದೂ ಸಾಲುತ್ತಿರಲಿಲ್ಲ. ಎಂಟು ಕಾರ್ಬೊರೇಟರನ್ನು ಒಂದೇ ಹದಕ್ಕೆ ತರುವುದೆಂದರೆ ಎಂಟು ಎತ್ತನ್ನು ಒಂದೇ ಕೂರಿಗೆಗೆ ಹೂಡಿ ಸಾಲು ತಪ್ಪದ ಹಾಗೆ ನಡೆಸಿದ ಹಾಗೆ. ಅಷ್ಟು ಮಾಡಿದರೂ ಆ ಗಾಡಿ ಒಂದು ಸಲವೂ ವಿಶ್ವ ಚಾಂಪಿಯನ್ ಪಟ್ಟ ಗೆಲ್ಲಲಿಲ್ಲ.

ಅದೇ ವರ್ಷಗಳಲ್ಲಿ, ಅದೇ ಕಾರ್ಖಾನೆಯಲ್ಲಿ, ಅದೇ ಕಾರ್ಕಾನೊ 350 ಸಿಸಿ ವರ್ಗಕ್ಕೆ ಹಳೆಯ ಮಲಗಿದ ಒಂಟಿ ಸಿಲಿಂಡರನ್ನೇ ತಿದ್ದಿದ. ಶಕ್ತಿಯನ್ನು ಹಿಂಡುವುದಕ್ಕಿಂತ ತೂಕ ಇಳಿಸಿದ, ಗಾಳಿಗೆ ಅಡ್ಡ ಬಾರದಂತೆ ಮೈ ರೂಪಿಸಿದ. ಮೋಟರ್‌ಸೈಕಲ್ ಮೇಲೆ ಗಾಳಿ ಹೇಗೆ ಹಾಯುತ್ತದೆಂದು ನೋಡಲು ಕಾರ್ಖಾನೆಯಲ್ಲಿ ಗಾಳಿ ಸುರಂಗವನ್ನೇ ಕಟ್ಟಿದ್ದರು. ಮೂರು ನಾಲ್ಕು ಸಿಲಿಂಡರಿನ ಎದುರಾಳಿಗಳನ್ನು ಹಿಂದೆ ಹಾಕಿ ಈ ಒಂಟಿ ಸಿಲಿಂಡರ್ 1953ರಿಂದ 1957ರ ವರೆಗೆ ಐದು ವರ್ಷ ಸತತ ಪಟ್ಟ ಗೆದ್ದಿತು. ಫರ್ಗಸ್ ಆಂಡರ್ಸನ್ ಎರಡು ಸಲ, ಬಿಲ್ ಲೋಮಸ್ ಎರಡು ಸಲ, ಕೊನೆಗೆ ಕೀತ್ ಕ್ಯಾಂಪ್‌ಬೆಲ್. ನಾನು ತರಗತಿಯಲ್ಲಿ ಹುಡುಗರಿಗೆ ಈ ಎರಡು ಗಾಡಿಗಳ ಕಥೆ ಹೇಳುತ್ತಿದ್ದೆ. ಯಾವ ಇಂಜಿನ್ ಬೇಕು ಅಂದರೆ ಎಲ್ಲರೂ ಎಂಟು ಸಿಲಿಂಡರಿಗೇ ಕೈ ಎತ್ತುತ್ತಿದ್ದರು. ಯಾವುದನ್ನು ನಿಮ್ಮ ಕೈಯಿಂದ ರಿಪೇರಿ ಮಾಡ್ತೀರಿ ಅಂದರೆ ಸುಮ್ಮನಾಗುತ್ತಿದ್ದರು.

ಆದರೆ ಸರಳ ಗಾಡಿ ಮಾಡಿದರೆ ಸಾಕು, ಕಂಪನಿ ತಾನೇ ಬದುಕುತ್ತದೆ ಅಂತ ತಿಳಿಯಬಾರದು. ಹಂಗಾಗಲಿಲ್ಲ. 1955ರಲ್ಲಿ ಫಿಯಾಟ್ 600, 1957ರಲ್ಲಿ ಫಿಯಾಟ್ 500 ಎಂಬ ಸಣ್ಣ ಕಾರುಗಳು ಬಂದವು. ಮಳೆಯಲ್ಲಿ ನೆನೆಯುತ್ತ ಹೆಂಡತಿ ಮಕ್ಕಳನ್ನು ಮೋಟರ್‌ಸೈಕಲ್ ಮೇಲೆ ಒಯ್ಯುತ್ತಿದ್ದವರು ಕಾರಿನ ಕಡೆ ತಿರುಗಿದರು. 1957ರ ಕೊನೆಗೆ ಗುತ್ಸಿ, ಜಿಲೆರಾ, ಮೊಂದಿಯಾಲ್ ಮೂರೂ ಕಂಪನಿಗಳು ರೇಸಿನಿಂದ ಹಿಂದೆ ಸರಿದವು. ಎಂಟು ಸಿಲಿಂಡರಿನ ಗಾಡಿ ಮೂಲೆ ಸೇರಿತು. ಜೊರ್ಜೊ ಪರೋದಿ 1955ರಲ್ಲೇ ತೀರಿಕೊಂಡಿದ್ದ, ಕಾರ್ಲೊ ಗುತ್ಸಿ 1964ರಲ್ಲಿ ಹೋದ. 1967ರಲ್ಲಿ ಕಂಪನಿ ಮನೆತನದ ಕೈತಪ್ಪಿ ಬೇರೆ ಆಡಳಿತದ ಕೈಗೆ ಹೋಯಿತು. 1921ರ ಇಂಜಿನ್ನನ್ನೇ ಇನ್ನೂ ಮಾರುತ್ತಿದ್ದ ಕಾರ್ಖಾನೆಗೆ ಹೊಸದೇನಾದರೂ ಬೇಕಾಗಿತ್ತು.

ಆ ಹೊಸದನ್ನೂ ಕಾರ್ಕಾನೊನೇ ಕೊಟ್ಟ. ಎಂಟು ಸಿಲಿಂಡರ್ ಕಟ್ಟಿದ ಕೈ ಈ ಸಲ ಎರಡೇ ಸಿಲಿಂಡರ್ ಕಟ್ಟಿತು. ವಿ ಅಕ್ಷರದ ಹಾಗೆ ಎಡಕ್ಕೊಂದು ಬಲಕ್ಕೊಂದು, ನಡುವೆ ಕಾಟಕೋನ. 703 ಸಿಸಿಯ ಆ ಗಾಡಿಯೇ ವಿ7. ಚೈನಿಲ್ಲ, ಹಿಂದಿನ ಗಾಲಿಗೆ ಜೀಪಿನ ಹಾಗೆ ಶಾಫ್ಟ್. ಅದನ್ನು ಮಾಡಿದ್ದು ಪೊಲೀಸರನ್ನು ಕಣ್ಣಮುಂದಿಟ್ಟು. ದಿನವಿಡೀ ಓಡಬೇಕು, ಕೆಟ್ಟರೆ ಬೇಗ ದುರಸ್ತಿಯಾಗಬೇಕು, ಇದೇ ಶರತ್ತು. ಅಮೆರಿಕದ ಲಾಸ್ ಏಂಜಲೀಸ್ ಪೊಲೀಸರೂ ಅದನ್ನು ಕೊಂಡರು. ಮುಂದೆ ಲೀನೊ ತೊಂತಿ ಎಂಬ ಇಂಜಿನಿಯರ್ ಅದೇ ಇಂಜಿನ್ನಿಗೆ ತಗ್ಗಾದ, ಗಟ್ಟಿಯಾದ ಫ್ರೇಮ್ ಮಾಡಿ 1971ರಲ್ಲಿ ವಿ7 ಸ್ಪೋರ್ಟ್ ತಂದ. 1976ರಲ್ಲಿ 844 ಸಿಸಿಯ ಲೆ ಮಾನ್ಸ್ ಬಂತು. ಹೋಂಡಾದ ನಾಲ್ಕು ಸಿಲಿಂಡರಿನ ಗಾಡಿಗಳು ಪ್ರಪಂಚವನ್ನೆಲ್ಲ ತುಂಬುತ್ತಿದ್ದ ಕಾಲ ಅದು. 1973ರಲ್ಲಿ ದೆ ತೊಮಾಸೊ, 2000ದಲ್ಲಿ ಅಪ್ರಿಲಿಯಾ, ಆಮೇಲೆ ಪಿಯಾಜಿಯೊ, ಹೀಗೆ ಮಾಲಕರು ಬದಲಾದರು. ಕಾಟಕೋನದ ಎರಡು ಸಿಲಿಂಡರ್ ಮಾತ್ರ ಇನ್ನೂ ಮಂಡೆಲ್ಲೊದ ಗುರುತಾಗಿಯೇ ಉಳಿದಿದೆ.

ಈ ಗಾಡಿಗಳನ್ನು ಇವತ್ತು ಇಟ್ಟುಕೊಂಡಿರುವವರ ಪಾಡು ಏನೆಂದು ಕೇಳಿದರೆ, ಅದು ಮನೆಯಲ್ಲಿ ಆಕಳು ಕಟ್ಟಿದ ಹಾಗೆ. ಕಟ್ಟಿಹಾಕಿ ಮರೆತರೆ ಆಗದು. ಹಳೆಯ ಒಂಟಿ ಸಿಲಿಂಡರನ್ನು ಚಾಲೂ ಮಾಡುವುದಕ್ಕೇ ಒಂದು ವಿಧಿ ಇದೆ. ಮೊದಲು ಪೆಟ್ರೋಲ್ ನಲ್ಲಿ ತೆರೆ. ಕಾರ್ಬೊರೇಟರಿನ ಗುಂಡಿ ಒತ್ತಿ ಪೆಟ್ರೋಲ್ ತುಸು ಉಕ್ಕುವ ಹಾಗೆ ಮಾಡು. ಹ್ಯಾಂಡಲಿನ ಮೇಲಿನ ಸಣ್ಣ ಹಿಡಿಕೆಯಿಂದ ಕಿಡಿಯನ್ನು ತಡವಾಗಿಸು. ಇದನ್ನು ಮರೆತರೆ ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹಾರಿ ಕಿಕ್ ತಿರುಗಿ ಕಾಲಿಗೇ ಒದೆಯುತ್ತದೆ. ನಂತರ ವಾಲ್ವ್ ಎತ್ತುವ ಹಿಡಿಕೆ ಒತ್ತಿ ಪಿಸ್ಟನ್ನನ್ನು ಸರಿಯಾದ ಜಾಗಕ್ಕೆ ತಂದು, ಒಮ್ಮೆ ಪೂರ್ತಿ ಕಾಲು ಕೊಡು. ಇಂಜಿನ್ ಹಿಡಿದ ಮೇಲೆ ಕಿಡಿಯನ್ನು ಮತ್ತೆ ಮುಂದಕ್ಕೆ ತಾ. ಇಲ್ಲಿ ಕಸುವಿಗಿಂತ ಕ್ರಮ ಮುಖ್ಯ.

ವಿ7ಗೆ ಬೇರೆ ಹದ. ಎರಡೂ ತಲೆಗಳು ಹೊರಗೆ ಚಾಚಿಕೊಂಡಿರುವುದರಿಂದ ಟ್ಯಾಪೆಟ್ ಸಂದು ನೋಡಲು ಟ್ಯಾಂಕ್ ಬಿಚ್ಚಬೇಕಾಗಿಲ್ಲ. ಇಂಜಿನ್ ತಣ್ಣಗಿದ್ದಾಗ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು, ಮುಚ್ಚಳ ತೆಗೆದು, ಫೀಲರ್ ಗೇಜ್ ತೂರಿಸಿದರೆ ಮುಗಿಯಿತು. ಎರಡು ಕಾರ್ಬೊರೇಟರ್ ಸಮ ಉಸಿರಾಡಬೇಕು. ಒಂದು ಹೆಚ್ಚು ಎಳೆದರೆ ಗಾಡಿ ನಡುಗುತ್ತದೆ. ಇದರ ಇನ್ನೊಂದು ಗುಣ ವಿಚಿತ್ರ. ಕ್ರ್ಯಾಂಕ್ ಉದ್ದಕ್ಕೆ ಕೂತಿರುವುದರಿಂದ, ನಿಂತಾಗ ರೇಸ್ ಕೊಟ್ಟರೆ ಗಾಡಿ ಬಲಕ್ಕೆ ವಾಲುತ್ತದೆ. ಹೊಸಬರು ಕೆಟ್ಟಿದೆಯೆಂದು ಗಾಬರಿಯಾಗುತ್ತಾರೆ. ಹಳಬರು ಅದನ್ನೇ ಗಾಡಿ ನಮಸ್ಕಾರ ಮಾಡಿತೆಂದು ಸಂತೋಷಪಡುತ್ತಾರೆ.

ಇಟಲಿಯಲ್ಲಿ ಹಳೆಯ ಗಾಡಿ ಸಾಕುವವರಿಗೆ 1966ರಿಂದ ದೇಶಮಟ್ಟದ ಒಕ್ಕೂಟವಿದೆ. ಅಲ್ಲಿ ಗಾಡಿಯ ಹುಟ್ಟು, ನಂಬರು, ಮೂಲ ಭಾಗಗಳನ್ನು ಪರೀಕ್ಷಿಸಿ ದಾಖಲೆ ಕೊಡುತ್ತಾರೆ. ಮೂವತ್ತು ವರ್ಷ ದಾಟಿದ ಗಾಡಿಗೆ ವರ್ಷದ ಮಾಲಕತ್ವದ ತೆರಿಗೆಯಿಂದ ವಿನಾಯಿತಿ. ಕಾರ್ಖಾನೆಯ ಒಳಗೇ ವಸ್ತುಸಂಗ್ರಹಾಲಯವಿದೆ, ಎಂಟು ಸಿಲಿಂಡರಿನ ಆ ಗಾಡಿಯನ್ನು ಅಲ್ಲಿ ನೋಡಬಹುದು. 2021ಕ್ಕೆ ನೂರು ವರ್ಷ ತುಂಬಿತು. ಕೊರೊನಾದ ಕಾರಣ ಜಾತ್ರೆ ಮುಂದಕ್ಕೆ ಹೋಗಿ 2022ರ ಸಪ್ಟೆಂಬರಿನಲ್ಲಿ ಆಯಿತು. ಗುತ್ಸಿ ಇದ್ದವರು ನಾನಾ ದೇಶಗಳಿಂದ ಆ ಸಣ್ಣ ಊರಿಗೆ ಗಾಡಿ ಓಡಿಸಿಕೊಂಡೇ ಬಂದರು. ಅದ್ಭುತ ಗಾಡಿ ಗಾಜಿನ ಮನೆಯಲ್ಲಿ ಉಳಿದರೆ ಸಾಧಾರಣ ಗಾಡಿ ರಸ್ತೆಯ ಮೇಲೆ ಉಳಿದಿದೆ. ಅದನ್ನು ಉಳಿಸಿದ್ದು ಕಂಪನಿ ಒಂದೇ ಅಲ್ಲ. ಯಾವ ಸ್ಕ್ರೂ ಎಷ್ಟು ತಿರುಗಿಸಬೇಕು ಅಂತ ಬರೆದಿಟ್ಟವರು, ಅದನ್ನು ಓದಿ ತಿರುಗಿಸಿದವರು, ತಿರುಗಿಸುವುದನ್ನು ಮಕ್ಕಳಿಗೆ ತೋರಿಸಿದವರು ಉಳಿಸಿದರು.

ಇಲ್ಲಿ ನನ್ನ ಮನಸ್ಸಿಗೆ ಚುಚ್ಚಿದ ಮಾತು ಹೇಳಬೇಕು. ಮಾಮಾನ ಚೇತಕ್ ಮುಂಜಾನೆ ಹಿಡಿಯದಿದ್ದರೆ ಅವನು ಅದನ್ನು ಇಂಜಿನ್ನಿನ ಕಡೆಗೆ ವಾಲಿಸಿ, ತುಸು ಹೊತ್ತು ಹಿಡಿದು, ಕಿಕ್ ಹೊಡೆಯುತ್ತಿದ್ದ. ನಮ್ಮ ಭಾಗದಲ್ಲಿ ಸ್ಕೂಟರ್ ಇದ್ದವರೆಲ್ಲ ಹಾಗೆ ಮಾಡಿದವರೇ. ಪ್ಲಗ್ಗಿನ ಸಂದು ನೋಡಲು ಅವನ ಹತ್ತಿರ ಗೇಜ್ ಇರಲಿಲ್ಲ, ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು ಇತ್ತು. ನಾನು ಪುಸ್ತಕ ಓದಿದವನೆಂಬ ಸೊಕ್ಕಿನಲ್ಲಿ, "ಮಾಮಾ, ಇದು ಅಂದಾಜಿನ ಕೆಲಸಾತು" ಅನ್ನುತ್ತಿದ್ದೆ. ಅವನು, "ನಿನ್ನ ಪುಸ್ತಕದಾಗ ಏನದ ಅದೇ ಇದರಾಗೂ ಅದ, ಅಳೆದು ನೋಡು ತಮ್ಮಾ" ಅನ್ನುತ್ತಿದ್ದ. ನಾನು ಅಳೆದು ನೋಡಲಿಲ್ಲ.

ಭಂಗಾರದವನು ಬಂದುಹೋದ ಮರುದಿನ ಶೆಡ್ಡಿನ ಗೂಡಿನಲ್ಲಿ ಆ ತುಂಡು ಸಿಕ್ಕಿತು. ಜಂಗು ಒರೆಸಿ ಮೈಕ್ರೋಮೀಟರಿನಲ್ಲಿ ಹಿಡಿದೆ. 0.6 ಮಿ.ಮೀ. ಮೇಲೆ ಒಂದು ಕೂದಲೆಳೆ. ಪ್ಲಗ್ಗಿಗೆ ಪುಸ್ತಕ ಹೇಳುವ ಸಂದೂ 0.6. ಮಾಮಾನ ಕೈ ಸರಿಯಾಗಿತ್ತು. ಅವನು ಬೇರೆ ಇನ್ನೇನು ಬಲ್ಲವನಾಗಿದ್ದ, ಪಾಯಿಂಟಿಗೆ ಯಾವ ತುಂಡು ಬಳಸುತ್ತಿದ್ದ, ಬೇಸಿಗೆಯಲ್ಲಿ ಕಾರ್ಬೊರೇಟರಿನ ಸ್ಕ್ರೂ ಎಷ್ಟು ಬಿಚ್ಚುತ್ತಿದ್ದ, ಇದ್ಯಾವುದೂ ಈಗ ಯಾರಿಗೂ ಗೊತ್ತಿಲ್ಲ. ಅವನು ಬರೆದಿಡಲಿಲ್ಲ. ನಾನು ಕೇಳಲಿಲ್ಲ. ಮಂಡೆಲ್ಲೊದವರಿಗೂ ನಮಗೂ ಇರುವ ಫರಕು ಇಷ್ಟೇ.

ಭಂಗಾರದವನು ಮತ್ತೆ ಬಂದಾಗ ಅವನಿಗೆ ಹಳೆಯ ಪತ್ರಾಸು ಕೊಟ್ಟು ಕಳಿಸಿದೆ. ಚೇತಕ್ಕಿನ ಇಂಜಿನ್ ಬಿಚ್ಚಿ ಹಾಸಿದ್ದೇನೆ. ಪಿಸ್ಟನ್ ರಿಂಗು, ಆಯಿಲ್ ಸೀಲು ಸೋಲಾಪುರದಲ್ಲಿ ಸಿಕ್ಕವು. ಅಣ್ಣನ ಮೊಮ್ಮಗಳು ಶಾಲೆ ಬಿಟ್ಟ ಮೇಲೆ ಬಂದು ಪಾನಾ ಹಿಡಿದು ಕೂರುತ್ತಾಳೆ. ಒಂದು ನೂರು ಪುಟದ ವಹಿಯಲ್ಲಿ ನಾನು ಹೇಳಿದ್ದನ್ನು ಅವಳು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಊರಿನಲ್ಲಿ ಹಳೆಯ ಸ್ಕೂಟರ್, ಪಂಪಿನ ಇಂಜಿನ್, ರಾಶಿ ಯಂತ್ರ ಬಲ್ಲ ಮಿಸ್ತ್ರಿಗಳು ಇನ್ನೂ ಮೂರು ನಾಲ್ಕು ಮಂದಿ ಇದ್ದಾರೆ. ಅವರು ದಯಮಾಡಿ ಸಂಜೆ ವಾಚನಾಲಯಕ್ಕೆ ಬಂದು ಕೂರಬೇಕು. ಚಹಾ ನಮ್ಮದು, ವಹಿಯಲ್ಲಿ ಪುಟಗಳು ಇನ್ನೂ ಬಹಳ ಖಾಲಿ ಅವ.